ಪಥ್ಯಾಹಾರ: ಆಯುರ್ವೇದದ ಅಡುಗೆ ಮತ್ತು ಪೋಷಣೆಯ ಅಸಮಾನತೆ

ಪಥ್ಯಾಹಾರ: ದೇಹದ ಪಥಗಳಿಗೆ, ಅಂದರೆ ಸ್ರೋತಸ್ಸುಗಳಿಗೆ, ಕೆಡುಕು ಮಾಡದ ಮತ್ತು ಮನಸ್ಸಿಗೂ ಹಿತವಾಗುವ ಆಹಾರ. ಈ ವಿವರಣೆ ಚರಕಸಂಹಿತೆಯದು. ಕನ್ನಡದ ಮನೆಮಾತಿನಲ್ಲಿ ‘ಪಥ್ಯ’ಕ್ಕೆ ಇದನ್ನು ತಿನ್ನಬೇಡ, ಅದನ್ನು ಮುಟ್ಟಬೇಡ ಎಂಬ ಕಟ್ಟುಪಾಡಿನ ಅರ್ಥವೇ ಬಲವಾಗಿ ನಿಂತಿದೆ. ಮೂಲದಲ್ಲಿ ಅದು ಬಿಡುವುದಕ್ಕಿಂತ ಉಣ್ಣುವುದನ್ನೇ ಹೆಚ್ಚು ಹೇಳುವ ಶಾಸ್ತ್ರ.

ಚರಕದ ಸೂತ್ರಸ್ಥಾನದ 27ನೆಯ ಅಧ್ಯಾಯ ಆಹಾರವನ್ನು 12 ವರ್ಗಗಳಾಗಿ ವಿಂಗಡಿಸುತ್ತದೆ: ಏಕದಳ ಧಾನ್ಯ, ಬೇಳೆಕಾಳು, ಮಾಂಸ, ಸೊಪ್ಪು ತರಕಾರಿ, ಹಣ್ಣು, ಹಾಲಿನ ಪದಾರ್ಥ, ಬೇಯಿಸಿದ ಅಡುಗೆ ಮುಂತಾಗಿ. ವಿಮಾನಸ್ಥಾನದ ಮೊದಲ ಅಧ್ಯಾಯ ಊಟವನ್ನು ತೂಗಿ ನೋಡಲು ಎಂಟು ಅಂಶಗಳನ್ನು ಕೊಡುತ್ತದೆ: ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ, ಉಣ್ಣುವ ಕ್ರಮ, ಉಣ್ಣುವವರು. ಇವುಗಳಲ್ಲಿ ಕರಣ ಎಂದರೆ ಸಂಸ್ಕಾರ; ನೆನೆಸುವುದು, ಹುರಿಯುವುದು, ಕಡೆಯುವುದು, ಬೇಯಿಸುವುದರಿಂದ ಪದಾರ್ಥದ ಗುಣ ಬದಲಾಗುತ್ತದೆ ಎಂಬ ತಿಳಿವು. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಹಿಟ್ಟು ಮಾಡಿ ಹಸುಗೂಸಿಗೆ ಸರಿ ಉಣ್ಣಿಸುವ ತಾಯಿ ಮಾಡುವುದು ಇದನ್ನೇ. ಮೊಳಕೆಯಲ್ಲಿ ಖನಿಜಗಳನ್ನು ಕಟ್ಟಿಹಾಕುವ ಫೈಟೇಟ್ ಅಂಶ ಇಳಿದು ಕಬ್ಬಿಣ, ಸುಣ್ಣದ ಅಂಶಗಳು ಮೈಗೆ ಹೆಚ್ಚು ಹತ್ತುತ್ತವೆ ಎಂದು ಇಂದಿನ ಪೋಷಣಶಾಸ್ತ್ರವೂ ಒಪ್ಪುತ್ತದೆ.

ಬರಹದಲ್ಲಿ ಉಳಿದ ಅಡುಗೆ ಬಹುಮಟ್ಟಿಗೆ ಅರಮನೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ರಾಜಭೋಜನದ ವಿಸ್ತಾರವಾದ ವರ್ಣನೆಯಿದೆ. ಕನ್ನಡದಲ್ಲಿ 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ ಪಾಕವಿಧಾನಕ್ಕೂ ಜಾಗ ಕೊಟ್ಟಿತು. 16ನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಬರೆದ. ಬಡವರ ಪಥ್ಯ ಬರಹಕ್ಕೆ ಬಂದದ್ದು ಕಡಿಮೆ. ಅದು ಕೋಲಾರ, ತುಮಕೂರು ಸೀಮೆಯ ಹೊಲಗಳಲ್ಲಿ ಕಳೆ ಕೀಳುವ ಹೆಂಗಸರು ಮಡಿಲಲ್ಲಿ ತುಂಬಿಕೊಂಡು ಬರುವ ಬೆರಕೆ ಸೊಪ್ಪಿನಲ್ಲಿದೆ: ಅಣ್ಣೆ, ಗೋಣಿ, ಕನ್ನೆ, ಹೊನಗೊನ್ನೆ. ಮಲೆನಾಡಿನ ಒಂದೆಲಗ, ದೊಡ್ಡಪತ್ರೆಯ ತಂಬುಳಿಯಲ್ಲಿದೆ. ತುಳುನಾಡಿನವರು ಆಟಿ ಅಮಾವಾಸ್ಯೆಯ ಬೆಳಗ್ಗೆ ಕುಡಿಯುವ ಹಾಲೆ ಮರದ ತೊಗಟೆಯ ಕಷಾಯದಲ್ಲಿದೆ, ಕೊಡಗಿನವರು ಕಕ್ಕಡ ತಿಂಗಳ 18ರಂದು ಮಾಡುವ ಮದ್ದುಸೊಪ್ಪಿನ ಪಾಯಸದಲ್ಲಿದೆ. ಕಾಸಿಲ್ಲದೆ ಸಿಗುತ್ತಿದ್ದ ಈ ಬೆರಕೆ ಸೊಪ್ಪು ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಉಳಿಯುವುದಿಲ್ಲ. ಕೂಲಿಯವಳ ತಟ್ಟೆಯ ನಷ್ಟ ಯಾವ ಲೆಕ್ಕದಲ್ಲೂ ಬರುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಸ್ಥಿತಿ ಇದಕ್ಕಿಂತ ಕೆಟ್ಟದು. ರಾಶಿ, ಅಂದರೆ ಊಟದ ಪ್ರಮಾಣ, ಎಂಟು ಅಂಶಗಳಲ್ಲಿ ಒಂದೆಂದು ಶಾಸ್ತ್ರ ಹೇಳಿದ್ದನ್ನು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಸೊಸೆಯ ಪಾಲಿನಿಂದ ಅಳೆಯಬೇಕು.

ಪಥ್ಯದ ಹೆಸರಿನಲ್ಲಿಯೇ ಆಗುವ ಅನ್ಯಾಯವೂ ಉಂಟು. ಎಷ್ಟೋ ಮನೆಗಳಲ್ಲಿ ಬಾಣಂತಿಗೆ ನೀರು ಅಳೆದು ಕೊಡುತ್ತಾರೆ. ಹಣ್ಣು, ಸೊಪ್ಪು, ಬೇಳೆ ಬಿಡಿಸಿ ಅನ್ನ, ಮೆಣಸಿನ ಸಾರಿನಲ್ಲಿ ದಿನ ಕಳೆಸುತ್ತಾರೆ. ಚರಕ ಸೂತಿಕೆಗೆ, ಅಂದರೆ ಬಾಣಂತಿಗೆ, ಹೇಳುವುದು ಹಿಪ್ಪಲಿ, ಶುಂಠಿ ಸೇರಿಸಿದ ತುಪ್ಪ ಅಥವಾ ಎಣ್ಣೆ, ಅದು ಜೀರ್ಣವಾದ ಮೇಲೆ ಜಿಡ್ಡು ಬೆರೆತ ಗಂಜಿ, ಅನಂತರ ಪುಷ್ಟಿ ಕೊಡುವ ಊಟ. ಹಾಲೂಡಿಸುವ ತಾಯಿಯನ್ನು ಒಣಗಿಸುವುದಕ್ಕೆ ಅಲ್ಲಿ ಆಧಾರವಿಲ್ಲ. ಆಯುರ್ವೇದದ ಅಡುಗೆ ಎಂದರೆ ಸಸ್ಯಾಹಾರ ಎಂಬ ನಂಬಿಕೆಯೂ ಗ್ರಂಥಕ್ಕೆ ಒಪ್ಪುವುದಿಲ್ಲ. ಮಾಂಸವರ್ಗ ಆ 12ರಲ್ಲಿ ಮೂರನೆಯದು. ಮೊಟ್ಟೆ, ಮೀನು, ಮಾಂಸ ಉಣ್ಣುವ ಸಮುದಾಯಗಳನ್ನು ಹೊರಗಿಟ್ಟು ಪಥ್ಯ ಹೇಳಿದರೆ ಅದು ದೇಶವನ್ನೂ ಸಾತ್ಮ್ಯವನ್ನೂ, ಅಂದರೆ ನೆಲವನ್ನೂ ಮೈಗೆ ಒಗ್ಗಿದ ಊಟವನ್ನೂ, ಮರೆತ ಪಥ್ಯ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಸೇರಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಒಲ್ಲದವರಿಗೆ ಬಾಳೆಹಣ್ಣು ಇತ್ತು, ಮೊಟ್ಟೆ ಬೇಕೆಂದು ಮಕ್ಕಳೇ ಗಟ್ಟಿಯಾಗಿ ಕೇಳಿದರು.

ಸರ್ಕಾರದ ಪ್ರಯತ್ನಗಳಲ್ಲಿ ಮಕ್ಕಳಿಗೆ ಹಾಲು ಕೊಡುವ 2013ರ ಕ್ಷೀರಭಾಗ್ಯ ಮತ್ತು ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ 2017ರ ಮಾತೃಪೂರ್ಣ ಮುಖ್ಯವಾದವು. 2024ರಲ್ಲಿ ಶಾಲಾ ಮಕ್ಕಳ ಹಾಲಿನ ಜೊತೆ ರಾಗಿ ಮಾಲ್ಟ್ ಸೇರಿತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದು ತೀರ ಅಲ್ಪ. ಸೊಪ್ಪಿನ ಸಾರಿಗೆ ನಿಂಬೆ ಹಿಂಡುವುದು, ಊಟದ ಜೊತೆ ನೆಲ್ಲಿಕಾಯಿ ಇಡುವುದು, ಊಟವಾದ ಕೂಡಲೇ ಟೀ ಕುಡಿಯದಿರುವುದು ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುವ ಅಗ್ಗದ ಪಥ್ಯಗಳು. ತೀವ್ರ ರಕ್ತಹೀನತೆಗೆ ಇವು ಸಾಲವು, ವೈದ್ಯರು ಕೊಡುವ ಕಬ್ಬಿಣದ ಮಾತ್ರೆ ಬೇಕೇ ಬೇಕು.

ಚರಕದ ಸೂತ್ರಸ್ಥಾನದ 5ನೆಯ ಅಧ್ಯಾಯದಲ್ಲಿ ನಿತ್ಯ ಉಣ್ಣತಕ್ಕವುಗಳ ಪಟ್ಟಿಯಿದೆ: ಅಕ್ಕಿ, ಹೆಸರುಕಾಳು, ಸೈಂಧವ ಲವಣ, ನೆಲ್ಲಿಕಾಯಿ, ಜವೆ, ಮಳೆನೀರು, ಹಾಲು, ತುಪ್ಪ, ಜಾಂಗಲ (ಒಣನೆಲದ) ಪ್ರಾಣಿಗಳ ಮಾಂಸ, ಜೇನು. ಈ ಪಟ್ಟಿಯ ಎದುರಿಗೆ ಇಂದಿನ ಪಡಿತರವನ್ನು ಇಟ್ಟು ನೋಡಿ: 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕು ಕೊಟ್ಟಿದೆ; ಬೇಳೆಕಾಳು ಆ ಹಕ್ಕಿನಲ್ಲಿ ಸೇರಿಲ್ಲ.