ಒಂದು ತಿಂಗಳ ಅಂತರದ ಎರಡು ಸ್ಮಾರಕಗಳು

ಅಂಡಮಾನಿಗೆ ಹೋಗಿ ಬಂದವರ ಫೋನಿನಲ್ಲಿ ಮೂರು ಚಿತ್ರಗಳು ಇದ್ದೇ ಇರುತ್ತವೆ: ರಾಧಾನಗರದ ಕಡಲತೀರ, ರಾಸ್ ದ್ವೀಪದ ಜಿಂಕೆ, ಸೆಲ್ಯುಲರ್ ಜೈಲಿನ ಉದ್ದನೆಯ ಮೊಗಸಾಲೆ. ಹಂಫ್ರೀಗಂಜ್‌ನ ಚಿತ್ರ ಮಾತ್ರ ಅಪರೂಪ.

ಜಪಾನಿ ಸೇನೆ ಪೋರ್ಟ್ ಬ್ಲೇರ್‌ನಲ್ಲಿ ಇಳಿದದ್ದು 1942ರ ಮಾರ್ಚ್ 23ರಂದು. (ಊರಿನ ಹೆಸರು 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಟ್ಯಾಕ್ಸಿಯವರ ಬಾಯಲ್ಲಿ ಹಳೆಯ ಹೆಸರೇ ಇನ್ನೂ ಉಳಿದಿದ್ದರೆ ಆಶ್ಚರ್ಯವೇನಿಲ್ಲ.) ಬ್ರಿಟಿಷರ ಆಡಳಿತ ಕೇಂದ್ರವಾಗಿದ್ದ ರಾಸ್ ದ್ವೀಪದಲ್ಲಿ ಜಪಾನಿಯರು ಕಟ್ಟಿದ ಕಾಂಕ್ರೀಟ್ ಬಂಕರುಗಳು ಇವತ್ತಿಗೂ ಇವೆ. ಇಗರ್ಜಿಯ ಗೋಡೆಗಳನ್ನು ಆಲದ ಬೇರು ನುಂಗಿದೆ, ಬಂಕರುಗಳಿಗೆ ಏನೂ ಆಗಿಲ್ಲ.

1943ರ ಡಿಸೆಂಬರ್ 30ರಂದು ಸುಭಾಷ್‌ಚಂದ್ರ ಬೋಸರು ಪೋರ್ಟ್ ಬ್ಲೇರ್‌ನ ಜಿಮ್‌ಖಾನಾ ಮೈದಾನದಲ್ಲಿ ತ್ರಿವರ್ಣ ಧ್ವಜ ಹಾರಿಸಿದರು. ದ್ವೀಪಗಳಿಗೆ ಶಹೀದ್, ಸ್ವರಾಜ್ ಎಂದು ಹೆಸರಿಟ್ಟರು. ಆ ಹೆಸರುಗಳನ್ನು 2018ರಲ್ಲಿ ನೀಲ್, ಹ್ಯಾವ್ಲಾಕ್ ದ್ವೀಪಗಳಿಗೆ ಕೊಡಲಾಯಿತು. ಇಷ್ಟು ಕಥೆ ನಮಗೆಲ್ಲ ಗೊತ್ತು.

ಅದೇ ಹೊತ್ತಿಗೆ ಸೆಲ್ಯುಲರ್ ಜೈಲು ಖಾಲಿಯಿರಲಿಲ್ಲ. ಬ್ರಿಟಿಷರು 1906ರಲ್ಲಿ ಕಟ್ಟಿ ಮುಗಿಸಿದ ಆ ಕೋಣೆಗಳಲ್ಲಿ ಈಗ ಜಪಾನಿಯರು ಹಿಡಿದು ಹಾಕಿದ ಭಾರತೀಯರಿದ್ದರು. ಅವರಲ್ಲೊಬ್ಬರು ದಿವಾನ್ ಸಿಂಗ್: ವೃತ್ತಿಯಲ್ಲಿ ವೈದ್ಯರು, ಪಂಜಾಬಿ ಕವಿ, ಅಂಡಮಾನಿನ ಇಂಡಿಯನ್ ಇಂಡಿಪೆಂಡೆನ್ಸ್ ಲೀಗಿನ ಮುಂದಾಳು. ಅಂದರೆ ಬೋಸರ ಪಕ್ಷದವರೇ. ಬ್ರಿಟಿಷರ ಗೂಢಚಾರರೆಂಬ ಆರೋಪ ಹೊರಿಸಿ ಅವರನ್ನು ವಾರಗಟ್ಟಲೆ ಹಿಂಸಿಸಿದರು. ಬೋಸರು ದ್ವೀಪದಿಂದ ಹಿಂದಿರುಗಿ ಎರಡು ವಾರವಾಗಿತ್ತಷ್ಟೆ, 1944ರ ಜನವರಿ 14ರಂದು ದಿವಾನ್ ಸಿಂಗ್ ಜೈಲಿನಲ್ಲೇ ತೀರಿಕೊಂಡರು.

ಜನವರಿ 30ರಂದು, ಧ್ವಜ ಹಾರಿ ಸರಿಯಾಗಿ ತಿಂಗಳಾದ ದಿನ, ಅದೇ ಆರೋಪದ ಮೇಲೆ 44 ಭಾರತೀಯರನ್ನು ಹಂಫ್ರೀಗಂಜ್‌ಗೆ ಒಯ್ದು ಗುಂಡಿಟ್ಟು ಕೊಂದರು. ಸತ್ತವರಲ್ಲಿ ಹಲವರು ಲೀಗಿನ ಸದಸ್ಯರು. ಫೆಬ್ರವರಿಯಲ್ಲಿ ಆಜಾದ್ ಹಿಂದ್ ಸರ್ಕಾರದ ಪರವಾಗಿ ಲೋಗನಾಥನ್ ಮುಖ್ಯ ಕಮಿಷನರಾಗಿ ಬಂದರು, ಆದರೆ ಅಧಿಕಾರ ಜಪಾನಿಯರ ಕೈಯಲ್ಲೇ ಉಳಿಯಿತು. 1945ರ ಅಕ್ಟೋಬರಿನಲ್ಲಿ ಅವರು ಶರಣಾಗುವ ತನಕವೂ ಹಾಗೆಯೇ.

ಬೋಸರಿಗೆ ಇದು ಗೊತ್ತಿತ್ತೇ ಎಂದು ಕೇಳುವವರಿದ್ದಾರೆ. ಜಪಾನಿಯರು ತೋರಿಸಿದ್ದನ್ನು ಮಾತ್ರ ನೋಡಿ ಹೋದರು ಎನ್ನುವುದು ಸಾಮಾನ್ಯವಾಗಿ ಸಿಗುವ ಉತ್ತರ. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಬ್ರಿಟಿಷರು ಕೊಂದವರನ್ನು ನೆನೆಯುವುದು ನಮಗೆ ಸಲೀಸು. ನಮ್ಮ ಮಿತ್ರರೆನಿಸಿಕೊಂಡವರು ನಮ್ಮವರನ್ನೇ ಕೊಂದಾಗ ಆ ಕಥೆಯನ್ನು ಯಾವ ಅಧ್ಯಾಯದಲ್ಲಿಡಬೇಕು ಎಂಬುದೇ ನಮಗೆ ತಿಳಿಯದು. ಜೈಲಿನ ಸಂಜೆಯ ಧ್ವನಿ-ಬೆಳಕಿನ ಪ್ರದರ್ಶನಕ್ಕೆ ಟಿಕೆಟ್ ಸಿಗುವುದು ಕಷ್ಟ. ಹಂಫ್ರೀಗಂಜ್‌ನ ಸ್ಮಾರಕಕ್ಕೆ ಆ ತಾಪತ್ರಯವಿಲ್ಲ.

ಹೋಗುವುದಾದರೆ ಟ್ಯಾಕ್ಸಿಯವರಿಗೆ ಮೊದಲೇ ಹೇಳಿಡಿ, ಪ್ಯಾಕೇಜ್ ಟೂರುಗಳ ಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಊರಿನಲ್ಲೇ ದಿವಾನ್ ಸಿಂಗರ ಹೆಸರಿನ ಗುರುದ್ವಾರವೂ ಇದೆ. ಜೈಲಿಗೆ ಹೋಗುವ ಮೊದಲು ಅಲ್ಲಿಗೆ ಹೋಗಿ ಬನ್ನಿ.