ಸದನದ ಎರಡನೇ ಕ್ಯಾಮೆರಾ ನಮಗ್ಯಾಕೆ ಕಾಣಲ್ಲ? ಎನ್‌ಕೋಡರ್ ಪೆಟ್ಟಿಗೆಯನ್ನು ಬಿಚ್ಚಿ ನೋಡೋಣ

ಅಧಿವೇಶನದ ನೇರಪ್ರಸಾರ ನೋಡುವವರಿಗೆ ಇದು ಪರಿಚಿತ ದೃಶ್ಯ. ಸದಸ್ಯರು ಸದನದ ಬಾವಿಗೆ ಇಳಿದಿದ್ದಾರೆ, ಘೋಷಣೆ ಕೇಳಿಸ್ತಿದೆ. ಪರದೆ ಮೇಲೆ ಮಾತ್ರ ಸಭಾಧ್ಯಕ್ಷರ ಪೀಠ. ಯಾರು ಕೂಗ್ತಿದ್ದಾರೆ, ಕೈಯಲ್ಲಿ ಏನು ಹಿಡಿದಿದ್ದಾರೆ ಅಂತ ಗೊತ್ತಾಗಲ್ಲ. ಇಡೀ ಸದನ ಕಾಣುವ ಇನ್ನೊಂದು ಕ್ಯಾಮೆರಾದ ಚಿತ್ರವನ್ನೂ ಕೊಡಬಹುದಲ್ವಾ? ಅದಕ್ಕೆಲ್ಲ ದೊಡ್ಡ ವ್ಯವಸ್ಥೆ ಬೇಕೇನೋ ಅಂತ ನಾವೇ ಅಂದುಕೊಂಡು ಸುಮ್ಮನಾಗ್ತೇವೆ. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನಾಗಿ ಹೇಳ್ತೀನಿ: ಆ ವ್ಯವಸ್ಥೆ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿಯೇ ನೋಡೋಣ.

ಎನ್‌ಕೋಡರ್ ಯಾಕೆ ಬೇಕು?

ಕ್ಯಾಮೆರಾದಿಂದ ಬರುವ ಎಚ್‌ಡಿ ಚಿತ್ರ ಎಸ್‌ಡಿಐ ಎಂಬ ಕೇಬಲ್‌ನಲ್ಲಿ ಹರಿಯುವುದು ಸೆಕೆಂಡಿಗೆ 1.485 ಗಿಗಾಬಿಟ್ ವೇಗದಲ್ಲಿ. ಇದನ್ನು ಹಾಗೇ ಉಪಗ್ರಹಕ್ಕೋ ಇಂಟರ್ನೆಟ್‌ಗೋ ಕಳಿಸೋದು ವಿಪರೀತ ದುಬಾರಿ. ಎನ್‌ಕೋಡರ್ ಇದನ್ನು ಕುಗ್ಗಿಸುತ್ತದೆ. 10 ಮೆಗಾಬಿಟ್‌ಗೆ ಇಳಿಸಿದರೆ ಮೂಲದ ಸುಮಾರು 150ನೇ ಒಂದು ಭಾಗ ಅಷ್ಟೇ ಉಳಿಯುತ್ತದೆ.

ಕುಗ್ಗಿಸುವ ಉಪಾಯ ಸರಳ. ನಮ್ಮ ಟಿವಿ ಪ್ರಸಾರದಲ್ಲಿ ಸೆಕೆಂಡಿಗೆ 25 ಫ್ರೇಮ್. ಒಂದು ಫ್ರೇಮಿಗೂ ಮುಂದಿನ ಫ್ರೇಮಿಗೂ ಗೋಡೆ, ಮೇಜು, ಕುರ್ಚಿ ಬದಲಾಗಲ್ಲ. ಹಾಗಾಗಿ ಆಗಾಗ ಒಂದು ಪೂರ್ತಿ ಚಿತ್ರ ಕಳಿಸಿ, ನಡುವೆ ಬದಲಾದದ್ದನ್ನು ಮಾತ್ರ ಕಳಿಸಿದರೆ ಸಾಕು. ಕ್ಯಾಮೆರಾ ಓಡಾಡುವ ಕ್ರಿಕೆಟ್ ಪಂದ್ಯ ಎನ್‌ಕೋಡರ್‌ಗೆ ಕಷ್ಟದ ಕೆಲಸ. ಅಲುಗಾಡದ ಕ್ಯಾಮೆರಾ ತೋರಿಸುವ ಸಭಾಂಗಣ ಸುಲಭದ ಕೆಲಸ.

ಈ ಕುಗ್ಗಿಸುವ ವಿಧಾನಗಳೂ ಸುಧಾರಿಸುತ್ತಾ ಬಂದಿವೆ. 90ರ ದಶಕದ ಎಂಪೆಗ್-2 ಆದ ಮೇಲೆ 2003ರಲ್ಲಿ ಎಚ್.264 ಬಂತು. 2013ರಲ್ಲಿ ಬಂದ ಎಚ್‌ಇವಿಸಿ, ಅದೇ ಗುಣಮಟ್ಟದ ಚಿತ್ರಕ್ಕೆ ಎಚ್.264ರ ಸುಮಾರು ಅರ್ಧದಷ್ಟು ಡೇಟಾ ಸಾಕು ಅನ್ನುತ್ತದೆ.

ರ‍್ಯಾಕ್, ಚಾಸಿಸ್, ಕಾರ್ಡ್

ಪ್ರಸಾರ ಕೇಂದ್ರದ ಯಂತ್ರಗಳು 19 ಇಂಚು ಅಗಲದ ರ‍್ಯಾಕ್‌ನಲ್ಲಿ ಒಂದರ ಮೇಲೊಂದು ಕೂರುತ್ತವೆ. ಎತ್ತರವನ್ನು ಅಳೆಯೋದು ‘ಯೂನಿಟ್’ ಲೆಕ್ಕದಲ್ಲಿ. ಒಂದು ಯೂನಿಟ್ ಅಂದ್ರೆ 1.75 ಇಂಚು.

ಮಾಡ್ಯುಲರ್ ಯಂತ್ರದಲ್ಲಿ ಚಾಸಿಸ್ ಅನ್ನೋದು ಬರೀ ಕವಚ: ವಿದ್ಯುತ್, ಫ್ಯಾನ್, ನಿಯಂತ್ರಣ. ನಿಜವಾದ ಕೆಲಸ ಮಾಡೋದು ಅದರ ಸ್ಲಾಟ್‌ಗಳಿಗೆ ತೂರಿಸುವ ಕಾರ್ಡ್‌ಗಳು. ಒಂದು ಎನ್‌ಕೋಡ್ ಮಾಡಿದರೆ ಇನ್ನೊಂದು ಡಿಕೋಡ್ ಮಾಡುತ್ತದೆ, ಮತ್ತೊಂದು ನೆಟ್‌ವರ್ಕ್‌ಗೆ ಜೋಡಿಸುತ್ತದೆ. ಎಷ್ಟೋ ಮಾದರಿಗಳಲ್ಲಿ ಯಂತ್ರ ಆಫ್ ಮಾಡದೆಯೇ ಕೆಟ್ಟ ಕಾರ್ಡ್ ಎಳೆದು ಹೊಸದನ್ನು ಹಾಕಬಹುದು. ಇನ್ನೊಂದು ಚಾನೆಲ್ ಬೇಕಾ? ಖಾಲಿ ಸ್ಲಾಟ್‌ಗೆ ಇನ್ನೊಂದು ಕಾರ್ಡ್. ಕೆಲವು ಸಲ ಕಾರ್ಡ್ ಕೂಡ ಬೇಡ, ಪರವಾನಗಿ ಕೀಲಿ ಹಾಕಿದರೆ ಒಳಗೆ ಮೊದಲೇ ಇರುವ ಸೌಲಭ್ಯ ತೆರೆದುಕೊಳ್ಳುತ್ತದೆ.

ಇಲ್ಲಿನ ಮೂಲಮಂತ್ರ ಒಂದೇ: ಯಾವುದನ್ನೂ ಒಂಟಿಯಾಗಿ ನಂಬಬೇಡ. ಅದಕ್ಕೇ ಎರಡು ಪವರ್ ಸಪ್ಲೈ, ಎರಡು ನೆಟ್‌ವರ್ಕ್ ದಾರಿ, ಮೀಸಲಿಗೊಂದು ಎನ್‌ಕೋಡರ್.

ಡಿಕೋಡರ್ ಮತ್ತು ಬೀಗದ ಕೈ

ಇನ್ನೊಂದು ತುದಿಯಲ್ಲಿ ಡಿಕೋಡರ್ ಈ ಪ್ರವಾಹವನ್ನು ಮತ್ತೆ ಚಿತ್ರವಾಗಿಸುತ್ತದೆ. ಫೀಡ್ ಬೇರೆಯವರ ಕೈಗೆ ಸಿಗಬಾರದು ಅಂದ್ರೆ ಬೀಗ ಹಾಕ್ತಾರೆ. ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ರೂಪಿಸಿದ ‘ಬಿಸ್’ ಎಂಬ ಪದ್ಧತಿ ಇದಕ್ಕೆ ಹೆಸರುವಾಸಿ. ಕೀಲಿ ಸಂಖ್ಯೆ ಇದ್ದವರಿಗೆ ಮಾತ್ರ ಚಿತ್ರ.

ಆ್ಯಂಕರ್ ಪ್ರಶ್ನೆ ಕೇಳಿದ ಮೇಲೆ ಸ್ಥಳದಲ್ಲಿರುವ ವರದಿಗಾರ ಸುಮ್ಮನೆ ನಿಂತಿರೋದಕ್ಕೂ ಕಾರಣ ಈ ಸರಪಳಿಯೇ. 35,786 ಕಿ.ಮೀ. ಎತ್ತರದ ಉಪಗ್ರಹಕ್ಕೆ ಹೋಗಿ ಬರಲು ಸುಮಾರು ಕಾಲು ಸೆಕೆಂಡ್ ಬೇಕು. ಅದರ ಮೇಲೆ ಎರಡೂ ತುದಿಯಲ್ಲಿ ಫ್ರೇಮ್‌ಗಳನ್ನು ಕೂಡಿಟ್ಟು ಲೆಕ್ಕ ಹಾಕುವ ಹೊತ್ತು ಬೇರೆ.

ಒಂದೇ ಫೀಡ್ ಅಂದ್ರೆ ಏನು?

ಎನ್‌ಕೋಡರ್‌ಗೆ ರಾಜಕೀಯ ಗೊತ್ತಿಲ್ಲ. ಕೊಟ್ಟದ್ದನ್ನು ಕುಗ್ಗಿಸುತ್ತದೆ, ಅಷ್ಟೇ. ಯಾವ ಕ್ಯಾಮೆರಾ ಅಂತ ಆರಿಸೋದು ಅದಕ್ಕೂ ಮೊದಲು, ಸ್ವಿಚರ್ ಮುಂದೆ ಕೂತವರು. ಅವರಿಗೆ ಸೂಚನೆ ಕೊಡುವವರು ಇನ್ನೂ ಮೇಲೆ.

2019ರ ಅಕ್ಟೋಬರ್‌ನಲ್ಲಿ ಅಂದಿನ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ಅವರು ವಿಧಾನಸಭೆಯೊಳಗೆ ಖಾಸಗಿ ಚಾನೆಲ್‌ಗಳ ಕ್ಯಾಮೆರಾ ನಿರ್ಬಂಧಿಸಿದರು. ಚಾನೆಲ್‌ಗಳು ಅಧಿಕೃತ ಫೀಡ್ ನೆಚ್ಚಿಕೊಳ್ಳಬೇಕಾಯಿತು. ಆಗ ಹತ್ತು ಚಾನೆಲ್ ತಿರುಗಿಸಿದರೂ ಲೋಗೊ ಬೇರೆ, ಚಿತ್ರ ಒಂದೇ. ಸಂಸತ್ತಿನಲ್ಲೂ ಪ್ರಸಾರದ ಕೀಲಿ ಇರುವುದು ಸಂಸತ್ತಿನ ಕೈಯಲ್ಲೇ. ಲೋಕಸಭಾ ಟಿವಿ, ರಾಜ್ಯಸಭಾ ಟಿವಿ ಒಂದಾಗಿ 2021ರಲ್ಲಿ ಸಂಸದ್ ಟಿವಿ ಆಯಿತು. ತಮ್ಮವರನ್ನು ಸರಿಯಾಗಿ ತೋರಿಸ್ತಿಲ್ಲ ಅಂತ ವಿರೋಧ ಪಕ್ಷಗಳು ಮತ್ತೆ ಮತ್ತೆ ದೂರಿವೆ.

ಈಗ ಲೆಕ್ಕಕ್ಕೆ ಬನ್ನಿ. 224 ಆಸನಗಳ ವಿಧಾನಸಭೆಯನ್ನು ಪೂರ್ತಿ ತೋರಿಸುವ ಒಂದು ಸ್ಥಿರ ಕ್ಯಾಮೆರಾ. ಅದರ ಚಿತ್ರ ಸ್ವಿಚರ್ ಮುಟ್ಟದೆ ನೇರ ಒಂದು ಎನ್‌ಕೋಡರ್ ಕಾರ್ಡ್‌ಗೆ. ಆ ಕ್ಯಾಮೆರಾ ತಿರುಗಿಸಲು ಆಪರೇಟರ್ ಬೇಡ. ಅಲುಗಾಡದ ಚಿತ್ರವಾದ್ದರಿಂದ ಡೇಟಾ ಕಡಿಮೆ. 10 ಮೆಗಾಬಿಟ್ ಅಂತಲೇ ಇಟ್ಟುಕೊಂಡರೂ ಅದು ಮನೆಯ ಬ್ರಾಡ್‌ಬ್ಯಾಂಡ್ ಹೊರುವಷ್ಟು ಭಾರ. ಅಧಿಕೃತ ಪ್ರಸಾರದ ಪಕ್ಕದಲ್ಲೇ ಇದು ಎರಡನೇ ಫೀಡ್ ಆಗಿ ಹರಿಯಬಹುದು.

ಸದನದ ಘನತೆ, ಕಡತದಿಂದ ತೆಗೆದ ಮಾತುಗಳ ಗತಿ ಏನು ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅದೇ ತೊಡಕು ಈಗಿನ ನೇರಪ್ರಸಾರಕ್ಕೂ ಇದೆ. ನ್ಯಾಯಾಲಯಗಳೂ ಇಂಥ ಅಳುಕನ್ನು ದಾಟಿ ಬಂದಿವೆ. ಕರ್ನಾಟಕ ಹೈಕೋರ್ಟಿನ ನೇರಪ್ರಸಾರ ನಿಯಮಗಳು 2022ರ ಜನವರಿಯಲ್ಲಿ ಜಾರಿಗೆ ಬಂದವು. ಸುಪ್ರೀಂ ಕೋರ್ಟ್ ಅದೇ ವರ್ಷ ಸೆಪ್ಟೆಂಬರ್ 27ರಿಂದ ಸಂವಿಧಾನ ಪೀಠದ ವಿಚಾರಣೆಗಳನ್ನು ಜನರ ಮುಂದಿಟ್ಟಿತು.

ಮುಂದಿನ ಅಧಿವೇಶನದಲ್ಲಿ ಗದ್ದಲದ ಹೊತ್ತಿಗೆ ಪರದೆ ತುಂಬಾ ಪೀಠವೇ ಕಂಡರೆ, ನಿಮ್ಮ ಶಾಸಕರಿಗೆ ಒಂದು ಪ್ರಶ್ನೆ ಕೇಳಿ: ಎರಡನೇ ಫೀಡ್ ಯಾಕಿಲ್ಲ? ಯಂತ್ರ ಸಾಲದು ಅನ್ನೋ ಉತ್ತರ ಬಂದರೆ ಒಪ್ಪಬೇಡಿ. ರ‍್ಯಾಕ್‌ನಲ್ಲಿ ಒಂದು ಕಾರ್ಡ್‌ಗೆ ಜಾಗ ಮಾಡೋದು ಕಷ್ಟವಲ್ಲ, ಅದಕ್ಕೆ ಬೇಕಾಗಿರೋದು ಒಂದು ಆದೇಶ.