ಸಲ್ಲತಕ್ಕದ್ದು ಎಷ್ಟು? ಕರಣಿಕನ ಕಾಯಕ ಮತ್ತು ಕರಣಿಕನ ಸಂಬಳ

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ಕೇಳದ ಭಕ್ತರಿಲ್ಲ. ರಾಯಚೂರು ಸೀಮೆಯ ಅಮರೇಶ್ವರ ಕ್ಷೇತ್ರದಿಂದ ಕಲ್ಯಾಣಕ್ಕೆ ಬಂದವರು ಇವರೆಂದು ಪರಂಪರೆ ಹೇಳುತ್ತದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಮನೆಗೆ ಬಂದಿತು. ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿಸಿದರು.

ಈ ಪ್ರಸಂಗವನ್ನು ಆಸೆಯನ್ನು ಗೆಲ್ಲುವ ಪಾಠವೆಂದು ಹೇಳುವುದು ರೂಢಿ. ಅದು ನಿಜವೇ. ಆದರೆ ಇದರೊಳಗೆ ಇನ್ನೊಂದು ಪಾಠವೂ ಅಡಗಿದೆ. ಬಂದ ಅಕ್ಕಿ ಹೆಚ್ಚಾಯಿತೆಂದು ಲಕ್ಕಮ್ಮನವರು ಅರಿತದ್ದು ಹೇಗೆ? ಸಲ್ಲತಕ್ಕದ್ದು ಎಷ್ಟು ಎಂಬ ಅಳತೆ ಅವರಿಗೆ ಮೊದಲೇ ತಿಳಿದಿತ್ತು. ಅಳತೆ ತಿಳಿಯದವನು ಹೆಚ್ಚನ್ನು ತಿರಸ್ಕರಿಸಲಾರ, ಕಡಿಮೆಯಾದುದನ್ನು ಕೇಳಲೂ ಆರ. ಕಾಯಕದ ಪ್ರತಿಫಲವನ್ನು ಬಹಿರಂಗವಾಗಿ ಅರಿತಿರುವುದು ಲೋಭವಲ್ಲ, ಕಾಯಕ ಶುದ್ಧಿಯ ಮೊದಲ ಮೆಟ್ಟಿಲು. ಈ ಮಾತು ಲೆಕ್ಕ ಬರೆಯುವವರ ಕಾಯಕಕ್ಕೆ ಎಷ್ಟು ಸಲ್ಲುತ್ತದೆ ಎಂಬುದನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಚರಿತ್ರೆಯೇ ತೋರಿಸಿಕೊಡುತ್ತದೆ.

ಲೆಕ್ಕದ ಕಾಯಕ ಶರಣ ಪರಂಪರೆಗೆ ಹೊರಗಿನದಲ್ಲ. ಬಸವಣ್ಣನವರೇ ಮಂಗಳವಾಡದಲ್ಲಿ ಕರಣಿಕರಾಗಿ ವೃತ್ತಿಯನ್ನು ಆರಂಭಿಸಿ, ಮುಂದೆ ಬಿಜ್ಜಳನ ಭಂಡಾರದ ಹೊಣೆ ಹೊತ್ತರೆಂದು ಹರಿಹರನಿಂದ ಮೊದಲ್ಗೊಂಡು ಕವಿಗಳು ಹಾಡಿದ್ದಾರೆ. ಆ ಕಾಲದ ಸಂಸ್ಥೆಗಳು ತಮ್ಮ ಸೇವಕರ ವೃತ್ತಿಯನ್ನು ಮುಚ್ಚಿಡಲಿಲ್ಲ, ಕಲ್ಲಿನಲ್ಲಿ ಕೊರೆಸಿದವು. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನದಲ್ಲಿ ಘಟಿಕಾಸ್ಥಾನದ ಉಪಾಧ್ಯಾಯರಿಗೂ ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗಳಿಗೂ ಎಷ್ಟು ಮತ್ತರು ಭೂಮಿ ಎಂಬುದು ಸ್ಪಷ್ಟವಾಗಿ ನಮೂದಾಗಿದೆ. ಹಾದುಹೋಗುವ ಯಾರೂ ಅದನ್ನು ಓದಬಹುದಾಗಿತ್ತು. ಕೊಡುವವನಿಗೆ ಕಡಿಮೆ ಮಾಡಲು ಬಾರದು, ಪಡೆಯುವವನಿಗೆ ಹೆಚ್ಚು ಕೇಳಲು ಬಾರದು. ಇಬ್ಬರನ್ನೂ ಕಟ್ಟಿಹಾಕುವ ಸಾಕ್ಷಿ ಆ ಕಲ್ಲು.

ಹಳ್ಳಿಗಳಲ್ಲಿಯೂ ಇಂಥದೇ ಒಂದು ಏರ್ಪಾಡು ಇತ್ತು. ಸುಗ್ಗಿಯಲ್ಲಿ ಕಣದಲ್ಲಿಯೇ ಆಯಗಾರರಿಗೆ ಧಾನ್ಯ ಅಳೆದು ಕೊಡುತ್ತಿದ್ದರು. ಬಡಿಗ, ಕಮ್ಮಾರ, ಅಗಸ ಮೊದಲಾದವರ ಪಾಲು ಎಷ್ಟೆಂದು ಕಣದಲ್ಲಿ ನಿಂತ ಎಲ್ಲರಿಗೂ ಗೊತ್ತು. ಲೆಕ್ಕ ಬರೆಯುವ ಶಾನಭೋಗ ಅಥವಾ ಕುಲಕರ್ಣಿಗೂ ಅಂಥ ಹಕ್ಕಿನ ಪಾಲಿತ್ತು. ಆ ಏರ್ಪಾಡಿನಲ್ಲಿ ಅನ್ಯಾಯವೂ ಇತ್ತು. ಯಾರ ಪಾಲು ಎಷ್ಟೆಂಬುದನ್ನು ಹುಟ್ಟೇ ನಿರ್ಧರಿಸುತ್ತಿತ್ತು, ಎಲ್ಲರಿಗಿಂತ ಹೆಚ್ಚು ದುಡಿದವನಿಗೆ ಎಲ್ಲರಿಗಿಂತ ಕಡಿಮೆ ಸಲ್ಲುತ್ತಿತ್ತು. ಶರಣರು ಪ್ರಶ್ನಿಸಿದ್ದು ಇಂಥ ಹುಟ್ಟಿನ ತಾರತಮ್ಯವನ್ನೇ.

ನಿಜಾಮರ ಆಳ್ವಿಕೆಯಲ್ಲಿ ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. 1853ರಲ್ಲಿ ಹೈದರಾಬಾದಿನ ದಿವಾನರಾದ ಒಂದನೆಯ ಸಾಲಾರ್ ಜಂಗ್, ಕಂದಾಯ ವಸೂಲಿಯನ್ನು ಗುತ್ತಿಗೆಗೆ ಕೊಡುವ ಪದ್ಧತಿಯನ್ನು ಕ್ರಮೇಣ ನಿಲ್ಲಿಸಿ, ಸಂಬಳದ ಅಧಿಕಾರಿಗಳನ್ನು ನೇಮಿಸಿದರು. 1865ರಲ್ಲಿ ಜಿಲ್ಲಾಬಂದಿಯನ್ನು ಜಾರಿಗೆ ತಂದರು. ವಸೂಲಿಯಲ್ಲಿ ಪಾಲು ಪಡೆಯುವವನು ರೈತನನ್ನು ಹಿಂಡುತ್ತಾನೆ, ಗೊತ್ತಾದ ಸಂಬಳ ಪಡೆಯುವವನಿಗೆ ಹಿಂಡುವ ಕಾರಣವಿಲ್ಲ ಎಂಬುದು ಈ ಸುಧಾರಣೆಯ ತಿರುಳು.

ಆದರೆ ಸುಧಾರಣೆ ಹಳ್ಳಿಯ ಚಾವಡಿಯವರೆಗೆ ಪೂರ್ತಿಯಾಗಿ ಇಳಿಯಲಿಲ್ಲ. ಅಲ್ಲಿ ಪಟೇಲ, ಪಟವಾರಿ ಹುದ್ದೆಗಳು ವಂಶಪಾರಂಪರ್ಯ ವತನಗಳಾಗಿಯೇ ಉಳಿದವು. ವತನದಾರನು ಬೇರೆ ಊರಿನಲ್ಲಿದ್ದರೆ ಅಥವಾ ಅಪ್ರಾಪ್ತನಾಗಿದ್ದರೆ ಅವನ ಪರವಾಗಿ ಒಬ್ಬ ಗುಮಾಸ್ತ ಲೆಕ್ಕ ಬರೆಯುತ್ತಿದ್ದ. ವತನದ ಆದಾಯ ಸರಕಾರಿ ದಫ್ತರದಲ್ಲಿ ದಾಖಲಾಗುತ್ತಿತ್ತು. ಗುಮಾಸ್ತನಿಗೆ ಎಷ್ಟು ಸಿಗಬೇಕೆಂಬುದು ಮಾತ್ರ ಅವನ ಮತ್ತು ವತನದಾರನ ನಡುವಿನ ಮಾತು. ಊರೆಲ್ಲರ ಹೊಲದ ವಿಸ್ತೀರ್ಣವನ್ನು, ಕಂದಾಯವನ್ನು, ಬಾಕಿಯನ್ನು ಬರೆಯುವವನ ಕೂಲಿಯೇ ಯಾವ ಪುಸ್ತಕದಲ್ಲಿಯೂ ಇಲ್ಲ! ಅರೆಹೊಟ್ಟೆಯ ಗುಮಾಸ್ತ ಮಾಮೂಲಿಗೆ ಕೈಯೊಡ್ಡಿದರೆ ಅದರ ಹೊರೆ ಕೊನೆಗೆ ಬೀಳುತ್ತಿದ್ದುದು ರೈತನ ಮೇಲೆ. ಗುಮಾಸ್ತನ ತಪ್ಪು ತಪ್ಪೇ. ಆದರೆ ಆ ತಪ್ಪಿಗೆ ದಾರಿ ಮಾಡಿಕೊಟ್ಟ ಮುಚ್ಚುಮರೆಯೂ ತಪ್ಪೇ ಅಲ್ಲವೇ?

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. 1949ರಲ್ಲಿ ಜಹಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ಈ ಸೀಮೆ ಕನ್ನಡ ನಾಡನ್ನು ಸೇರಿತು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯ ಶಾನಭೋಗಿಕೆ ಕೊನೆಗೊಂಡಿತು. ಅದರ ಸ್ಥಾನದಲ್ಲಿ ಸರಕಾರ ನೇಮಿಸುವ ಗ್ರಾಮ ಲೆಕ್ಕಿಗ ಬಂದನು. ಯಾವ ಕುಲದಲ್ಲಿ ಹುಟ್ಟಿದವನಾದರೂ ಅರ್ಹತೆಯಿದ್ದರೆ ಲೆಕ್ಕದ ಪುಸ್ತಕ ಹಿಡಿಯಬಹುದಾಯಿತು, ಮುಂದೆ ಹೆಣ್ಣುಮಕ್ಕಳೂ ಹಿಡಿದರು. ಸಂಬಳವೂ ಶ್ರೇಣಿಯಾಗಿ ಮೊದಲೇ ಪ್ರಕಟವಾಗತೊಡಗಿತು. ಈಚೆಗೆ ಈ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರು ಬಂದಿದೆ. 2024ರಲ್ಲಿ ರಾಜ್ಯದ 1,000 ಹುದ್ದೆಗಳಿಗೆ ಅರ್ಜಿ ಕರೆದಾಗ ವೇತನ ಶ್ರೇಣಿ 21,400ರಿಂದ 42,000 ರೂಪಾಯಿ ಎಂದು ತಿಳಿಸಲಾಗಿತ್ತು. ಯಲಬುರ್ಗಾದ ಒಬ್ಬ ಕೂಲಿಕಾರನ ಮಗಳು ಅರ್ಜಿ ತುಂಬುವ ದಿನವೇ ತನಗೆ ಸಲ್ಲತಕ್ಕದ್ದನ್ನು ಅರಿಯಬಲ್ಲಳು. ಅದಕ್ಕಾಗಿ ಯಾರ ಮುಂದೆಯೂ ಕೈಕಟ್ಟಿ ನಿಂತು ಕೇಳಬೇಕಾಗಿಲ್ಲ.

2005ರ ಮಾಹಿತಿ ಹಕ್ಕು ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ 4ನೆಯ ಪ್ರಕರಣದಂತೆ ಪ್ರತಿಯೊಂದು ಸಾರ್ವಜನಿಕ ಕಚೇರಿಯೂ ತನ್ನ ಅಧಿಕಾರಿ ಮತ್ತು ನೌಕರರ ಮಾಸಿಕ ಸಂಬಳವನ್ನು, ಯಾರೂ ಕೇಳುವ ಮೊದಲೇ, ತಾನಾಗಿಯೇ ಪ್ರಕಟಿಸಬೇಕು. ನಾಗಾವಿಯ ಕಲ್ಲು ಒಂದು ಸಂಸ್ಥೆಗೆ ಮಾಡಿದ್ದನ್ನು ಈ ಕಾಯಿದೆ ನಾಡಿನ ಎಲ್ಲ ಕಚೇರಿಗಳಿಗೂ ವಿಧಿಸಿತು.

ಕಚೇರಿಯ ಹೊರಗೆ ಈ ಬೆಳಕು ಇನ್ನೂ ಮಂದವಾಗಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಅಕ್ಕಿ ಗಿರಣಿಗಳೂ ದಲಾಲಿ ಅಂಗಡಿಗಳೂ ಎದ್ದವು. ಕಿರ್ದಿ, ಖಾತಾವಣಿ ಬರೆಯುವ ಗುಮಾಸ್ತರು ಬೇಕಾದರು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಬಂದ ಬಳಿಕ ಗಣಕಯಂತ್ರದಲ್ಲಿ ಲೆಕ್ಕವಿಡಬಲ್ಲ ತರುಣರಿಗೆ ಕರೆ ಹೆಚ್ಚಿತು. ಬಿ.ಕಾಂ. ಮುಗಿಸಿ ಕೆಲಸಕ್ಕೆ ಸೇರುವ ಹುಡುಗನಿಗೆ ಸಂಬಳವೆಷ್ಟೆಂದು ಕೇಳಲು ಸಂಕೋಚ. ಕೇಳಿದರೆ ‘ಮೊದಲು ಕೆಲಸ ಕಲಿ’ ಎಂಬ ಉತ್ತರ. ಪಕ್ಕದ ಮೇಜಿನವನಿಗೆ ಎಷ್ಟೆಂಬುದೂ ಅವನಿಗೆ ತಿಳಿಯದು. ಕೋಟಿಗಳ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡವನು ತನ್ನ ಲೆಕ್ಕದಲ್ಲಿ ಮಾತ್ರ ಕುರುಡ.

ಸನ್ನದು ಲೆಕ್ಕಪರಿಶೋಧಕರಾಗಲು ಹೊರಟವರ ಮಟ್ಟಿಗೆ ಒಂದು ಅಳತೆ ಇದೆ. 1949ರ ಕಾಯಿದೆಯಿಂದ ಹುಟ್ಟಿದ ಭಾರತೀಯ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆಯು ಆರ್ಟಿಕಲ್‌ಶಿಪ್ ಮಾಡುವವರಿಗೆ ಕನಿಷ್ಠ ಮಾಸಿಕ ಭತ್ಯೆಯನ್ನು ನಿಯಮದಲ್ಲಿಯೇ ಗೊತ್ತುಮಾಡಿದೆ. ಕೆಲವು ವರ್ಷಗಳ ಹಿಂದಿನ ಪರಿಷ್ಕರಣೆಯಲ್ಲಿ ಮೊದಲ ವರ್ಷಕ್ಕೆ ಮಹಾನಗರಗಳಲ್ಲಿ 4,000 ರೂಪಾಯಿ, ಚಿಕ್ಕ ಊರುಗಳಲ್ಲಿ 2,000 ರೂಪಾಯಿ ಎಂದಾಯಿತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ವಿದ್ಯೆ ಕಲಿಯಲು ಬಂದವನೇ ಗುರುವಿಗೆ ಹಣ ತೆರಬೇಕಾಗಿತ್ತು. ಅದನ್ನು ನೆನೆದರೆ ಇದು ದೊಡ್ಡ ಮುನ್ನಡೆ. ಆದರೂ ಈ ಮೊತ್ತದಲ್ಲಿ ಹಳ್ಳಿಯ ಬಡ ಹುಡುಗ ಊರು ಬಿಟ್ಟು ಕೋಣೆ ಬಾಡಿಗೆ ಕೊಟ್ಟು ಬದುಕುವುದು ಕಷ್ಟ. ಅಳತೆ ಬಹಿರಂಗವಾದರೆ ಸಾಲದು, ನ್ಯಾಯವಾಗಿಯೂ ಇರಬೇಕು. ಆದರೆ ಬಹಿರಂಗವಾದುದರಿಂದಲೇ ಅದು ಸಾಲದೆಂದು ಹೇಳಲು ಬರುತ್ತದೆ. ಮುಚ್ಚಿಟ್ಟಿದ್ದನ್ನು ತಿದ್ದುವುದು ಹೇಗೆ?

ಕಾನೂನು ಈಗ ಖಾಸಗಿ ಅಂಗಡಿಯ ಬಾಗಿಲನ್ನೂ ತಟ್ಟಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ, ನೌಕರನಿಗೆ ಸಂಬಳದ ಚೀಟಿ ಕೊಡಬೇಕೆಂದು ವಿಧಿಸುತ್ತದೆ. ಯುರೋಪಿನ ಒಕ್ಕೂಟವು 2023ರಲ್ಲಿ ಅಂಗೀಕರಿಸಿದ ನಿರ್ದೇಶನದಂತೆ, ಕೆಲಸ ಕೇಳಿ ಬಂದವನಿಗೆ ಆರಂಭದ ಸಂಬಳವನ್ನು ಮೊದಲೇ ತಿಳಿಸಬೇಕು, ಹಿಂದಿನ ಕೆಲಸದಲ್ಲಿ ಎಷ್ಟು ಸಿಗುತ್ತಿತ್ತೆಂದು ಅವನನ್ನು ಕೇಳಕೂಡದು.

ಕಾನೂನು ಚೀಟಿ ಕೊಡಿಸಬಲ್ಲದು, ಮನಸ್ಸನ್ನು ಬದಲಿಸಲಾರದು. ಅದು ಧಣಿಗಳ ಮತ್ತು ಹಿರಿಯರ ಕೈಯಲ್ಲಿದೆ. ಕಾಯಕದ ಹೆಸರು ಹೇಳಿ ಕೂಲಿಯನ್ನು ಮರೆಮಾಚುವುದು ಶರಣರ ದಾರಿಯಲ್ಲ. ಲಕ್ಕಮ್ಮನವರು ಹೆಚ್ಚಾದ ಅಕ್ಕಿಯನ್ನು ಮರಳಿಸಿದರೇ ಹೊರತು ತಮಗೆ ಸಲ್ಲುವ ಅಕ್ಕಿಯನ್ನು ಬಿಟ್ಟುಕೊಡಲಿಲ್ಲ. ಆ ಅಕ್ಕಿಯಿಂದಲೇ ದಾಸೋಹ ನಡೆಯಿತು. ಸಲ್ಲುವುದು ಕೈಗೆ ಸಿಕ್ಕರೆ ತಾನೇ ದಾಸೋಹ? ಹೊಸದಾಗಿ ಲೆಕ್ಕದ ಪುಸ್ತಕ ಹಿಡಿದ ತರುಣನಿಗೆ ಮೊದಲ ದಿನವೇ ಅವನ ಅಳತೆಯನ್ನು ತಿಳಿಸಿದ ಧಣಿ ಅವನಿಂದ ಶುದ್ಧವಾದ ಲೆಕ್ಕವನ್ನು ನಿರೀಕ್ಷಿಸಲು ಅರ್ಹನಾಗುತ್ತಾನೆ. ಆ ತರುಣನಿಗೂ ಹೆಚ್ಚು ಬಂದ ದಿನ ಅದನ್ನು ಮರಳಿ ಸುರಿದು ಬರುವ ಬಲ ಬರುತ್ತದೆ.